ಬಿಸ್ಕತ್ತು ಡಬ್ಬಿಯ ನಾಲ್ಕು ಚೀಟಿ

"ತಲೆ ಕೆಟ್ಟಿರೋದು ಅವಳಿಗೆ. ಡಾಕ್ಟರ ಹತ್ತಿರ ನಾನ್ಯಾಕೆ ಬರಲಿ?" ಎಂದ ಅಪ್ಪ.

"ತಲೆ ಕೆಟ್ಟಿದೆ ಅಂತ ಯಾರು ಹೇಳಿದ್ರು? ಮನೆಯವರೆಲ್ಲ ಒಟ್ಟಿಗೆ ಬನ್ನಿ ಅಂತ ಸ್ಕೂಲಿನವರು ಬರೆದಿದ್ದಾರೆ. ಓದಿ ನೋಡಿ."

"ನೀನೇ ಓದ್ಕೋ. ಈಗ ನೀನೇ ತಾನೆ ಎಲ್ಲ ತಿಳಿದೋಳು!"

ಅಮ್ಮ ಅನ್ನದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. ಮುಚ್ಚಳ ಹಾರಿ ನೆಲಕ್ಕೆ ಬಿದ್ದು ಗಿರಗಿರ ತಿರುಗಿತು. ಯಾರೂ ಎತ್ತಲಿಲ್ಲ.

"ಅಪ್ಪ ಬಂದ್ರೆ ನಾನು ಬರಲ್ಲ," ಎಂದಳು ಮಗಳು, ತಟ್ಟೆಯಿಂದ ತಲೆ ಎತ್ತದೆ.

"ಕೇಳಿದ್ಯಾ ನಿನ್ನ ಮಗಳ ಬಾಯಿ?"

"ಕೇಳಿದೆ. ನಿಮ್ಮ ಕಡೆಯಿಂದಲೇ ಬಂದ ಬಾಯಿ ಅದು."

"ಲೋ, ನಾನು ಬರ್ತೀನಪ್ಪ," ಎಂದಳು ಅಜ್ಜಿ. "ಯಾವಾಗ ಹೋಗೋದು? ಬಸ್ಸಲ್ಲಾ, ಆಟೋದಲ್ಲಾ?"

ಅಜ್ಜಿಗೆ ಎಪ್ಪತ್ತನಾಲ್ಕು. ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಈ ಊರಿಗೆ ಬಂದು ಐದು ತಿಂಗಳಾದರೂ ಅವಳು ನೆಲ ಮುಟ್ಟಿದ್ದು ಎರಡೇ ಸಲ. ಎರಡು ಸಲವೂ ಮಂಡಿ ನೋವಿಗೆ ಇಂಜೆಕ್ಷನ್ ಹಾಕಿಸಲು. ಅವಳಿಗೆ ಹುಚ್ಚರ ಡಾಕ್ಟರಾದರೂ ಸರಿ, ಹಲ್ಲಿನ ಡಾಕ್ಟರಾದರೂ ಸರಿ, ಮೆಟ್ಟಿಲು ಇಳಿಸಿದರೆ ಸಾಕಿತ್ತು.

ಐದು ತಿಂಗಳ ಹಿಂದೆ ಈ ಮನೆಯವರು ಹೀಗಿರಲಿಲ್ಲ. ಹಳೇ ಊರಿನಲ್ಲಿ ಅಪ್ಪ ಉಕ್ಕಿನ ಯಾರ್ಡಿನಲ್ಲಿ ಕ್ರೇನ್ ನಡೆಸುತ್ತಿದ್ದ. ಇಪ್ಪತ್ತೆರಡು ವರ್ಷ ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಕೂತು, ಕೆಳಗೆ ನಿಂತವನು ಕೈಯಲ್ಲಿ ತೋರಿಸಿದ ಹಾಗೆ ಟನ್‌ಗಟ್ಟಲೆ ಉಕ್ಕು ಎತ್ತಿ ಇಳಿಸಿದವನು. ಒಂದು ದಿನ ಮನೆಗೆ ಬಂದು, ಕಂಪನಿ ನನ್ನನ್ನು ಬೇರೆ ಊರಿಗೆ ಹಾಕಿದೆ, ಇನ್ನು ಹತ್ತು ದಿನದಲ್ಲಿ ಹೊರಡಬೇಕು ಅಂದ. ಇಲ್ಲಿ ಅವನಿಗೆ ಕ್ರೇನ್ ಇಲ್ಲ. ಸ್ಟೋರಿನಲ್ಲಿ ಕೂತು ಬೋಲ್ಟು ನಟ್ಟು ಎಣಿಸಿ ಕೊಡುತ್ತಾನೆ. "ಸೀನಿಯರ್ ಆದ್ಮೇಲೆ ಕೂರಿಸ್ತಾರೆ" ಎನ್ನುತ್ತಾನೆ. ಅಮ್ಮ ಆಸ್ಪತ್ರೆಯ ಲಾಂಡ್ರಿಗೆ ಸೇರಿದಳು. ಬೆಳಗಿನ ಆರರಿಂದ ಮಧ್ಯಾಹ್ನ ಎರಡರವರೆಗೆ ಬಿಸಿ ಬಿಸಿ ಬೆಡ್‌ಶೀಟು ಮಡಿಸುವ ಕೆಲಸ. ಹುಡುಗಿಗೆ ಹದಿನೇಳು, ಶಾಲೆಯ ಕೊನೆಯ ವರ್ಷ. ಅವಳು ಹೊಸ ಶಾಲೆಯಲ್ಲಿ ಒಬ್ಬರ ಹತ್ತಿರವೂ ಮಾತಾಡಲಿಲ್ಲ. ಅರ್ಧ ವರ್ಷದ ಪರೀಕ್ಷೆಯಲ್ಲಿ ಮೂರು ಪೇಪರು ಖಾಲಿ ಕೊಟ್ಟು ಎದ್ದು ಬಂದಳು. ಆಮೇಲೆ ಬಂತು ಈ ಕಾಗದ: ಕುಟುಂಬದವರೆಲ್ಲ ಆರು ಸಲ ಕೌನ್ಸೆಲರ್ ಹತ್ತಿರ ಹೋಗಬೇಕು, ಇಲ್ಲದಿದ್ದರೆ ಮುಂದಿನ ಪರೀಕ್ಷೆಗೆ ಕೂರಿಸುವುದಿಲ್ಲ.

ಕೊನೆಗೆ ಅಪ್ಪ ಬಂದ. ಬೈಯುತ್ತಲೇ ಬಂದ.

ಅಜ್ಜಿಯನ್ನು ಇಳಿಸಲು ಕಾಲು ಗಂಟೆ ಬೇಕಾಯಿತು. ಇದ್ದುದರಲ್ಲಿ ಒಳ್ಳೇ ಸೀರೆ ಉಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ಒಂದೊಂದು ಮಹಡಿಗೂ ಕೂತು, ಆ ಮಹಡಿಯ ಬಾಗಿಲುಗಳನ್ನೆಲ್ಲ ನೋಡಿಕೊಂಡು ಇಳಿದಳು. "ಇವರ ಮನೇಲಿ ಮೀನು ಮಾಡಿದ್ದಾರೆ," ಎಂದಳು. "ಇವರ ಮನೇಲಿ ಮಗು ಇದೆ."

"ಅತ್ತೆ, ಮೆಟ್ಟಿಲು ನೋಡ್ಕೊಂಡು ಇಳೀರಿ," ಎಂದಳು ಅಮ್ಮ.

ಕೌನ್ಸೆಲರ್ ಕೋಣೆಯಲ್ಲಿ ಮೆತ್ತನೆಯ ಕುರ್ಚಿಗಳಿದ್ದವು. ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೆಟ್ಟಿಗೆ. ಅಳುವವರಿಗೆ ಮೊದಲೇ ತಂದಿಟ್ಟಿದ್ದರು. ಮೇಡಂಗೆ ನಲವತ್ತರ ಮೇಲಿರಬಹುದು. ಕೆಟ್ಟ ಹೆಂಗಸಲ್ಲ. ನಿಧಾನವಾಗಿ ಮಾತಾಡುತ್ತಿದ್ದಳು, ಮಧ್ಯೆ ಬಾಯಿ ಹಾಕುತ್ತಿರಲಿಲ್ಲ.

"ಮನೇಲಿ ಹೇಗಿದೆ ಈಗ?"

"ಚೆನ್ನಾಗಿದೆ," ಎಂದ ಅಪ್ಪ.

"ಚೆನ್ನಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಿ?" ಎಂದಳು ಅಮ್ಮ.

"ನೀನು ಕರ್ಕೊಂಡು ಬಂದೆ, ನಾನು ಬಂದೆ."

ಮಗಳು ಕಿಟಕಿ ನೋಡುತ್ತಿದ್ದಳು. ಆ ಮೊದಲ ದಿನ ಅದಾದ ಮೇಲೆ ಮಾತಾಡಿದವಳು ಅಜ್ಜಿ ಒಬ್ಬಳೇ. ಮಂಡಿಯ ವಿಷಯ, ನಲ್ಲಿ ನೀರಿನ ವಾಸನೆ, ಎದುರಿಗೆ ಕಾಣುವ ಗೋಡೆ, ಸೊಸೆ ಅನ್ನಕ್ಕೆ ಉಪ್ಪು ಹಾಕದೆ ಇರುವುದು, ಎಲ್ಲ ಹೇಳಿದಳು. ಹೊರಗೆ ಬಂದ ಮೇಲೆ, "ಒಳ್ಳೇ ಹೆಂಗಸು. ಎಷ್ಟು ಚೆನ್ನಾಗಿ ಮಾತಾಡ್ತಾಳೆ!" ಎಂದಳು. ಮೇಡಂ ಬಾಯಿ ಬಿಟ್ಟಿದ್ದು ನಾಲ್ಕೇ ಸಲ.

ಎರಡನೇ ವಾರ ಹುಡುಗಿ ಮಾತಾಡಿದಳು.

"ನಾನು ವಾಪಸ್ ಹೋಗ್ಬೇಕು. ದೊಡ್ಡಮ್ಮನ ಮನೇಲಿರ್ತೀನಿ. ದೊಡ್ಡಮ್ಮ ಒಪ್ಪಿದ್ದಾರೆ. ಹಳೇ ಸ್ಕೂಲಲ್ಲೇ ಪರೀಕ್ಷೆ ಬರೀತೀನಿ."

"ಸಾಧ್ಯ ಇಲ್ಲ," ಎಂದ ಅಪ್ಪ.

"ಯಾಕೆ ಸಾಧ್ಯ ಇಲ್ಲ ಅಂತ ಹೇಳ್ತೀರಾ?" ಎಂದು ಮೇಡಂ ಕೇಳಿದಳು.

"ಸಾಧ್ಯ ಇಲ್ಲ ಅಂದ್ರೆ ಸಾಧ್ಯ ಇಲ್ಲ. ಮನೆ ಎರಡು ತುಂಡು ಮಾಡಕ್ಕಾಗಲ್ಲ."

"ನನ್ನ ಗೆಳತಿ ಅಲ್ಲಿ ಒಬ್ಬಳೇ ಇದ್ದಾಳೆ ಮೇಡಂ. ಅವರಪ್ಪಂಗೆ ಕಾಲು ಹೋಗಿದೆ. ಅಮ್ಮ ಬೆಳಗಿಂದ ಸಾಯಂಕಾಲದವರೆಗೆ ಕೆಲಸಕ್ಕೆ ಹೋಗ್ತಾರೆ. ಅಂಥ ಹೊತ್ತಲ್ಲಿ ಬಿಟ್ಟು ಬಂದ್ವಿ ನಾವು. ಅವಳಿಗೆ ಎಷ್ಟು ಕೋಪ ಅಂದ್ರೆ, ನಾನು ಏನು ಕಳ್ಸಿದ್ರೂ ಉತ್ತರ ಕೊಡಲ್ಲ."

ಅಪ್ಪ ಬೂಟಿನ ತುದಿ ನೋಡುತ್ತಿದ್ದ. ಅಮ್ಮ ಅಪ್ಪನನ್ನು ನೋಡಿ, ತಕ್ಷಣ ಬೇರೆ ಕಡೆ ನೋಡಿದಳು. ಮೇಡಂ ಅದನ್ನು ಗಮನಿಸಿರಬೇಕು. ಅಂದು ಹೊರಡುವ ಮುಂಚೆ ಒಂದು ಖಾಲಿ ಬಿಸ್ಕತ್ತು ಡಬ್ಬಿ ಕೊಟ್ಟಳು.

"ಇದನ್ನ ಮನೇಲಿ ಇಟ್ಕೊಳ್ಳಿ. ನಾಲ್ಕು ಜನವೂ ಒಂದೊಂದು ಚೀಟಿ ಬರೆದು ಹಾಕಿ. ಈ ಮನೆಯವರಿಗೆ ನಾನು ಹೇಳದೆ ಇಟ್ಟುಕೊಂಡಿರೋ ಮಾತು ಯಾವುದು ಅಂತ. ಮನೇಲಿ ಯಾರೂ ತೆಗೆಯೋ ಹಾಗಿಲ್ಲ, ಓದೋ ಹಾಗಿಲ್ಲ. ಮುಂದಿನ ವಾರ ಇಲ್ಲಿ, ಬರೆದವರು ಒಪ್ಪಿದ್ರೆ ಮಾತ್ರ ಓದೋಣ."

"ಮಕ್ಕಳಾಟ," ಎಂದ ಅಪ್ಪ.

ಡಬ್ಬಿ ಅಡುಗೆಮನೆಯ ಕಪಾಟಿನ ಮೇಲೆ ಕೂತಿತು. ಅಪ್ಪ ಮೊದಲನೇ ದಿನವೇ ಚೀಟಿ ಹಾಕಿಬಿಟ್ಟ, ಸ್ಟೋರಿನಲ್ಲಿ ಬಿಲ್ಲಿಗೆ ಸಹಿ ಹಾಕಿ ಎಸೆಯುವ ಹಾಗೆ. ಅಮ್ಮ ಎರಡು ದಿನ ಬರೆದು ಬರೆದು ಹರಿದಳು. ಮೂರನೇ ದಿನ ಒಂದನ್ನು ನಾಲ್ಕು ಮಡಿಕೆ ಮಾಡಿ ಹಾಕಿದಳು.

ಉಳಿದವರು ಹುಡುಗಿ, ಅಜ್ಜಿ. ಅಜ್ಜಿಗೆ ಓದು ಬರಹ ಬರುವುದಿಲ್ಲ ಎಂದು ಮೇಡಂಗೆ ಗೊತ್ತಿರಲಿಲ್ಲ. ಮನೆಯವರಿಗೆ ಗೊತ್ತಿದ್ದರೂ ಯಾರೂ ಯೋಚಿಸಲಿಲ್ಲ. ಜೀವಮಾನವೆಲ್ಲ ಅವಳ ಕಾಗದ ಯಾರೋ ಬರೆದಿದ್ದಾರೆ, ಯಾರೋ ಓದಿದ್ದಾರೆ. ಅವಳಿಗೆ ಬರೆಯುವವರೆಂದರೆ ಪೆನ್ನಿದ್ದ ಹಾಗೆ. ಪೆನ್ನಿಗೆ ಕಿವಿ ಇರುತ್ತದೆಯೇ?

ಗುರುವಾರ ಮಧ್ಯಾಹ್ನ ಹುಡುಗಿ ಶಾಲೆಯಿಂದ ಬಂದು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಪುಟ್ಟಿ, ಕೈ ತೊಳ್ಕೊಂಡು ಬಾ. ನನ್ನ ಚೀಟಿ ಬರಿ."

"ನಾನು ಬರೆದ್ರೆ ಗುಟ್ಟು ಎಲ್ಲಿ ಉಳಿಯುತ್ತೆ ಅಜ್ಜಿ?"

"ನನ್ನ ಹತ್ರ ಎಂಥ ಗುಟ್ಟು ಇರುತ್ತೆ ಮಾರಾಯ್ತಿ? ಎಲ್ಲಾರ್ಗೂ ಗೊತ್ತಿರೋದೇ. ಬಾಯಿ ಬಿಟ್ಟು ಆಡಲ್ಲ ಅಷ್ಟೇ. ಬರಿ."

ಹುಡುಗಿ ನಗುತ್ತಲೇ ನೋಟ್‌ಬುಕ್ಕಿನ ಹಾಳೆ ಹರಿದಳು. "ಹೇಳು. ಕದ್ದು ಸಕ್ಕರೆ ತಿಂದಿದ್ದಾ?"

"ಬರಿ. ನನ್ನ ಮಗ ಆ ಸಿಗ್ನಲಿನವನ ಕಾಲು ತೆಗೆದ. ಹೋಗಿ ಅವನ ಮುಂದೆ ತಪ್ಪಾಯ್ತು ಅನ್ನು ಅಂತ ನಾನು ಹೇಳಿದೆ. ಅನ್ನಲಿಲ್ಲ. ಊರು ಬಿಟ್ಟು ಬಂದ. ಇದು ನನಗೆ ಸರಿ ಕಾಣಲಿಲ್ಲ. ಬರೆದ್ಯಾ?"

ಹುಡುಗಿ 'ನನ್ನ ಮಗ' ಎಂದು ಬರೆದಿದ್ದಳು. ಮುಂದೆ ಬರೆದಿರಲಿಲ್ಲ.

ಸಿಗ್ನಲಿನವನು ಎಂದರೆ ಅವಳ ಗೆಳತಿಯ ಅಪ್ಪ. ಯಾರ್ಡಿನಲ್ಲಿ ಕ್ರೇನಿನ ಕೆಳಗೆ ನಿಂತು ಕೈ ತೋರಿಸುತ್ತಿದ್ದವನು. ಹುಡುಗಿ ಅವನನ್ನು ಸಿಗ್ನಲ್ ಮಾಮ ಅನ್ನುತ್ತಿದ್ದಳು.

"ಚೈನ್ ತುಂಡಾಗಿ ಉಕ್ಕಿನ ಪ್ಲೇಟು ಬಿತ್ತು ಅಂದ್ರಲ್ಲ ಅಜ್ಜಿ?"

"ಎಲ್ಲಿಯ ಚೈನು? ನಿಲ್ಸು ಅಂತ ಅವನು ಕೈ ತೋರಿಸ್ತಾನೇ ಇದ್ದ. ನಿಮ್ಮಪ್ಪ ಕೆಳಗೆ ನೋಡಲಿಲ್ಲ, ಇಳಿಸಿಬಿಟ್ಟ. ಅವತ್ತು ಬಂದು ನನ್ನ ತೊಡೆ ಮೇಲೆ ತಲೆ ಇಟ್ಟು ಅತ್ತ. ಚೈನ್ ತುಂಡಾಯ್ತು ಅಂತ ಬರೆದ್ರೆ ಯಾರ ಕೆಲಸವೂ ಹೋಗಲ್ಲ ಅಂತ ಮೇಲಿನವರು ಹೇಳಿದ್ರಂತೆ. ಇವನೇ ಕೇಳ್ಕೊಂಡು ಈ ಊರಿಗೆ ಹಾಕಿಸ್ಕೊಂಡ." ಅಜ್ಜಿ ಹುಡುಗಿಯ ಮುಖ ನೋಡಿದಳು. "ಯಾಕೇ? ನಿಂಗೆ ಗೊತ್ತಿರಲಿಲ್ವಾ? ನಿಮ್ಮಮ್ಮ ಹೇಳಿರ್ತಾಳೆ ಅಂದ್ಕೊಂಡಿದ್ದೆ."

"ಅಮ್ಮಂಗೂ ಗೊತ್ತಾ?"

"ಅಯ್ಯೋ ದೇವ್ರೇ."

"ಅವರ ಮನೆಯವರಿಗೆ?"

"ಕಾಲು ಹೋದವನಿಗೆ ಗೊತ್ತಿರಲ್ವಾ ಪುಟ್ಟಿ?"

ಹುಡುಗಿ ಪೂರ್ತಿ ಬರೆದಳು. ಅಜ್ಜಿ ಹೇಳಿದ ಹಾಗೆಯೇ, ಒಂದು ಮಾತು ಬಿಡದೆ. ಮಡಿಸಿ ಡಬ್ಬಿಗೆ ಹಾಕಿದಳು. ಆಲೂಗಡ್ಡೆ ಬೇಯಲು ಇಟ್ಟಳು. ಆಮೇಲೆ ಬಚ್ಚಲಲ್ಲಿ ಕೂತು ಫೋನು ತೆಗೆದು, ಐದು ತಿಂಗಳಿಂದ ಗೆಳತಿಗೆ ಕಳಿಸಿದ್ದನ್ನೆಲ್ಲ ಮೇಲಿನಿಂದ ಓದಿದಳು. ಗೆಳತಿ ಕುಳ್ಳಿ, ಮಾತು ಖಾರ, ಅದಕ್ಕೆ ಮೆಣಸಿನಕಾಯಿ ಎಂದು ಹೆಸರು.

'ಮೆಣಸಿನಕಾಯಿ, ಇಲ್ಲಿ ನೀರು ಕುಡಿಯಕ್ಕಾಗಲ್ಲ ಕಣೇ.' 'ಮಾಮ ಹೇಗಿದ್ದಾರೆ? ನಡೀತಾರಾ?' 'ನೀನೇ ಪುಣ್ಯವಂತೆ, ಅಲ್ಲೇ ಇದ್ದೀಯ. ನನ್ನ ಕಷ್ಟ ನಿನಗೇನು ಗೊತ್ತು.' 'ಸಿಟ್ಟು ಬಿಡೇ. ನಾನೇನು ತಪ್ಪು ಮಾಡಿದೆ ಹೇಳು.'

ಒಟ್ಟು ತೊಂಬತ್ತೊಂದು. ಎಲ್ಲವನ್ನೂ ಗೆಳತಿ ಓದಿದ್ದಳು, ಓದಿದ ಗುರುತಿತ್ತು. ರಾತ್ರಿ ಹುಡುಗಿ ತನ್ನ ಚೀಟಿಯನ್ನೂ ಬರೆದು ಡಬ್ಬಿಗೆ ಹಾಕಿದಳು.

ಆವತ್ತಿನಿಂದ ಹುಡುಗಿ ಬದಲಾದಳು. ಬಾಗಿಲು ಬಡಿಯುವುದು ನಿಂತಿತು. ಕೋಣೆಗೆ ತಟ್ಟೆ ಒಯ್ಯುವುದು ನಿಂತಿತು. ಎಲ್ಲರ ಜೊತೆ ಕೂತು, ಅಪ್ಪನಿಗೆ ಬಡಿಸಿದಳು. "ಇನ್ನೊಂಚೂರು ಬೇಳೆ ಹಾಕ್ಲಾ ಅಪ್ಪಾ?" ಅಂದಳು. ಶನಿವಾರ ಅವನ ಅಂಗಿಗಳಿಗೆ ಇಸ್ತ್ರಿ ಹಾಕಿದಳು.

ಅಪ್ಪ ಮೀಸೆಯಲ್ಲೇ ನಕ್ಕ. "ನೋಡಿದ್ಯಾ? ಕೈ ಎತ್ತದೆ, ಕಾಲು ಎತ್ತದೆ ದಾರಿಗೆ ಬಂದ್ಲು. ನಿಮ್ಮ ಮೇಡಂ ಪರವಾಗಿಲ್ಲ ಕಣೇ."

ಅಮ್ಮ ನಗಲಿಲ್ಲ. ಸಿಂಕಿನ ಹತ್ತಿರ ಮಗಳ ಪಕ್ಕ ನಿಂತು ಕೇಳಿದಳು, "ಏನಾಯ್ತೇ ನಿಂಗೆ?"

"ಏನಾಗಿಲ್ಲ."

"ಜಗಳ ಆಡ್ತಾ ಇದ್ದಾಗಲೇ ಚೆನ್ನಾಗಿತ್ತು. ಮನೇಲಿ ಜನ ಇದ್ದ ಹಾಗಿತ್ತು."

"ಆಡೋಣಮ್ಮ. ಮೇಡಂ ಮುಂದೆ ಆಡೋಣ."

ಅಜ್ಜಿಗೆ ಏನೋ ಎಡವಟ್ಟಾಯಿತು ಎಂದು ಗೊತ್ತಾಗಿತ್ತು. ಯಾರಿಗೂ ಹೇಳಲಿಲ್ಲ. ಆ ಮೂರು ದಿನ ಅವಳು ಮಂಡಿ ನೋವಿನ ಮಾತೆತ್ತಲಿಲ್ಲ ಎಂದರೆ ಎಷ್ಟು ಹೆದರಿದ್ದಳೋ ನೋಡಿ.

ಸೋಮವಾರ ಮಧ್ಯಾಹ್ನ ಮೂರೂವರೆಗೆ ಡಬ್ಬಿ ಮೇಡಂ ಮೇಜಿನ ಮೇಲಿತ್ತು. ಹೊರಗಿನ ಬೆಂಚಿನಲ್ಲಿ ಇನ್ನೊಂದು ಕುಟುಂಬ ತಮ್ಮ ಸರದಿಗೆ ಕಾಯುತ್ತಿತ್ತು.

"ಯಾರದನ್ನು ಮೊದಲು ತೆಗೆಯೋಣ?"

"ನಂದು ಓದಿ," ಎಂದ ಅಪ್ಪ. "ಬೇಗ ಮುಗಿಯುತ್ತೆ."

ಮೇಡಂ ತೆಗೆದು ಓದಿದಳು. "ಏನೂ ಇಲ್ಲ." ಕೆಳಗೆ ಎರಡು ಗೆರೆ ಎಳೆದಿದ್ದ.

ಅಮ್ಮನ ಚೀಟಿ ಬಿಚ್ಚುವಾಗ ಅವಳ ಕುತ್ತಿಗೆ ಕೆಂಪಾಗಿತ್ತು. 'ಎಲ್ಲರೂ ಈ ಊರು ಬೇಡ ಅಂತಾರೆ. ನನಗೆ ಇಷ್ಟ. ಲಾಂಡ್ರಿಯಲ್ಲಿ ನಾವು ಹೆಂಗಸರು ನಗ್ತೀವಿ. ವಾಪಸ್ ಹೋಗೋದು ಬೇಡ ಅಂತ ಎಷ್ಟೋ ವಿಷಯಕ್ಕೆ ಬಾಯಿ ಮುಚ್ಚಿಕೊಂಡೆ.'

"ನಗ್ತೀರಾ?" ಎಂದ ಅಪ್ಪ. "ಮನೇಲಿ ನಗಕ್ಕೆ ಆಗಲ್ವೇನು?"

"ಮನೇಲಿ ನಗೋ ಅಂಥದ್ದು ನೀವೇನು ಮಾಡಿದ್ದೀರಿ ಹೇಳಿ."

"ಯಾವ ವಿಷಯಕ್ಕೆ ಬಾಯಿ ಮುಚ್ಚಿಕೊಂಡೆ ಅಮ್ಮಾ?" ಎಂದು ಮಗಳು ಕೇಳಿದಳು. ಮೆತ್ತಗೆ ಕೇಳಿದಳು.

ಅಮ್ಮ ಚೀಟಿಯನ್ನು ವಾಪಸ್ ತೆಗೆದುಕೊಂಡು ಮತ್ತೆ ನಾಲ್ಕು ಮಡಿಕೆ ಮಾಡಿದಳು.

"ಅಜ್ಜೀದು ಓದಬಹುದಾ?" ಎಂದಳು ಮೇಡಂ.

"ಬೇಡಮ್ಮ," ಎಂದಳು ಅಜ್ಜಿ. "ನನ್ನದು ಬೇಡ. ಮುದುಕಿ ಮಾತು. ಬಿಸಾಕಿ."

"ಹಾಗಾದ್ರೆ ನಂದು ಓದಿ ಮೇಡಂ," ಎಂದಳು ಹುಡುಗಿ. "ಒಂದೇ ಸಾಲು."

ಮೇಡಂ ಚೀಟಿ ಬಿಚ್ಚಿದಳು. ಒಂದು ಗಳಿಗೆ ತಡೆದು ಓದಿದಳು. "'ಅಪ್ಪಾ, ಅವತ್ತು ನೀನು ಯಾಕೆ ಕೆಳಗೆ ನೋಡಲಿಲ್ಲ?'"

ಅಪ್ಪನ ಮುಖ ಬೂದಿಯಾಯಿತು. ಮೊದಲು ಹೆಂಡತಿಯ ಕಡೆ ತಿರುಗಿದ. "ಹೇಳಿಬಿಟ್ಯಾ?"

"ಆಣೆಗೂ ನಾನಲ್ಲ."

"ನಾನು ಕಣೋ," ಎಂದಳು ಅಜ್ಜಿ. "ಬರಿ ಅಂದೆ. ಬರೀತು ಮಗು. ಅದಕ್ಕೆ ಗೊತ್ತಿಲ್ಲ ಅಂತ ನಂಗೆ ಗೊತ್ತಿರಲಿಲ್ಲ."

"ನಿನ್ನ ಬಾಯಿಗೆ ಮಣ್ಣು ಹಾಕ!"

"ಅಜ್ಜಿಗೆ ಬೈಬೇಡ. ನನಗೆ ಉತ್ತರ ಕೊಡು," ಎಂದಳು ಮಗಳು. "ಮಾಮ ನಿಲ್ಸು ಅಂತ ಕೈ ತೋರಿಸ್ತಿದ್ರು. ನೀನೇನು ಮಾಡ್ತಿದ್ದೆ?"

"ಚೈನು..."

"ಚೈನ್ ಅನ್ಬೇಡ! ತೊಂಬತ್ತೊಂದು ಸಲ ಕಳ್ಸಿದೀನಿ ನಾನು ಅವಳಿಗೆ. ಸಿಟ್ಟು ಬಿಡೇ, ನಾನೇನು ಮಾಡಿದೆ ಅಂತ. ಅವಳು ಎಲ್ಲ ಓದಿದ್ದಾಳೆ. ಓದುವಾಗ ಪಕ್ಕದಲ್ಲಿ ಅವರಪ್ಪ ಒಂಟಿ ಕಾಲಲ್ಲಿ ಕೂತಿರ್ತಾರೆ. ಹೇಳು, ನಿದ್ದೆ ಮಾಡ್ತಿದ್ಯಾ? ಕುಡಿದಿದ್ಯಾ?"

"ಏಯ್!" ಎಂದಳು ಅಮ್ಮ.

"ಇವತ್ತೇ ಉತ್ತರ ಕೊಡಬೇಕು ಅಂತಿಲ್ಲ," ಎಂದು ಮೇಡಂ ಅಪ್ಪನ ಕಡೆ ಬಾಗಿದಳು. "ಒಂದು ಲೋಟ ನೀರು ಕುಡಿಯಿರಿ. ನಿಧಾನವಾಗಿ..."

"ಕುಡಿದಿದ್ದೆನಾ? ಇಪ್ಪತ್ತೆರಡು ವರ್ಷ ಒಂದು ತೊಟ್ಟು ಮುಟ್ಟಿಲ್ಲ ನಾನು ಆ ಕ್ಯಾಬಿನಲ್ಲಿ!" ಅಪ್ಪ ಎದ್ದು ನಿಂತ. ಇಂಥ ಮನುಷ್ಯರಿಗೆ ಇದೊಂದು ರೋಗ. ಮಾಡಿದ ತಪ್ಪಿಗೆ ಬಾಯಿ ಬಿಡುವುದಿಲ್ಲ, ಮಾಡದ ತಪ್ಪು ಹೊರಿಸಿದರೆ ಮೈಮೇಲೆ ಬರುತ್ತದೆ. "ಫೋನಲ್ಲಿದ್ದೆ. ಗೊತ್ತಾಯ್ತಾ? ಫೋನಲ್ಲಿ ಮಾತಾಡ್ತಿದ್ದೆ."

"ಯಾರ ಹತ್ರ?" ಎಂದಳು ಅಮ್ಮ. ಇದು ಅವಳಿಗೂ ಹೊಸದು.

"ದಯವಿಟ್ಟು ಕೂತ್ಕೊಳ್ಳಿ," ಎಂದಳು ಮೇಡಂ. "ಈಗ ಬೇಡ. ನಾವಿಬ್ಬರೇ ಮೊದಲು..."

"ಇವಳ ಹತ್ರ! ಕೇಳ್ಕೋ. ಮೂರು ಸಲ ಮಾಡಿದ್ಲು, ನಾನು ಎತ್ತಲಿಲ್ಲ. ಏನೋ ಆಗಿದೆ ಅಂತ ನಾಲ್ಕನೇ ಸಲ ಎತ್ತಿದೆ. ಎಂಥದ್ದು? ಇವತ್ತು ರಾತ್ರಿ ಗೆಳತಿ ಮನೇಲಿ ಉಳ್ಕೊಳ್ಳಲಾ ಅಂತ! ಬೇಡ ಅಂದ್ರೆ ಬಿಡಬೇಕಾ ಬೇಡ್ವಾ? ಯಾಕೆ, ಯಾಕೆ, ಯಾಕೆ ಅಂತ ಒಂದೇ ಸಮ. ಬೈತಾ ಇದ್ದೆ ನಿನಗೆ. ಬೈತಾ ಬೈತಾ ಇಳಿಸಿಬಿಟ್ಟೆ."

ಬಾಗಿಲಾಚೆ ಬೆಂಚಿನ ಮೇಲೆ ಯಾರೋ ಕೆಮ್ಮಿದರು.

ಹುಡುಗಿಗೆ ನೆನಪಾಯಿತು. ಅಪ್ಪ ಬೈಯುತ್ತಿದ್ದ ಹಾಗೇ ಫೋನು ಕಟ್ಟಾಗಿತ್ತು. ಕೋಪದಲ್ಲಿ ಕಟ್ ಮಾಡಿದ ಎಂದುಕೊಂಡಿದ್ದಳು. ಮಾಡಲಿ ಬಿಡು ಎಂದು ಹೇಳದೆ ಕೇಳದೆ ಗೆಳತಿಯ ಮನೆಗೆ ಹೋಗಿ ಕೂತಿದ್ದಳು. ಇಬ್ಬರೂ ಬ್ರೆಡ್ಡು ಮೊಟ್ಟೆ ತಿನ್ನುತ್ತಿದ್ದಾಗ ಯಾರ್ಡಿನಿಂದ ಇಬ್ಬರು ಬಂದು ಬಾಗಿಲು ತಟ್ಟಿದ್ದರು. ಅವತ್ತು ಇಡೀ ಸಂಜೆ ಆಸ್ಪತ್ರೆಯಲ್ಲಿ ಮೆಣಸಿನಕಾಯಿಯ ಕೈ ಹಿಡಿದುಕೊಂಡು ಕೂತಿದ್ದವಳು ಇವಳೇ. ಅಳಬೇಡ ಕಣೇ, ನಾನಿದ್ದೀನಿ ಎಂದವಳು ಇವಳೇ.

"ನನ್ನ ಕಡೆ ನೋಡು," ಎಂದಳು ಮೇಡಂ. ಅವಳ ದನಿ ಸ್ವಲ್ಪ ಏರಿತ್ತು. "ಇದು ನಿನ್ನ ತಪ್ಪಲ್ಲ. ಫೋನು ಎತ್ತಬಾರದಾಗಿತ್ತು, ಎತ್ತಿದ್ದು ಅವರು. ನೀನಲ್ಲ. ಕೇಳಿಸ್ತಾ?"

"ಕೇಳಿಸ್ತು ಮೇಡಂ."

"ಏನು ಅನ್ನಿಸ್ತಿದೆ ಹೇಳು."

"ಬಾಯಾರಿಕೆ. ನೀರು ಕುಡಿದು ಬರ್ತೀನಿ."

ಮೇಜಿನ ಮೇಲೆ ನೀರಿನ ಜಗ್ಗು ಇತ್ತು, ಅದರ ಪಕ್ಕ ನಾಲ್ಕು ಲೋಟ. ಯಾರಿಗೂ ಹೊಳೆಯಲಿಲ್ಲ. ಹುಡುಗಿ ಎದ್ದು, ಅಜ್ಜಿಯ ಕಾಲು ತುಳಿಯದ ಹಾಗೆ ದಾಟಿ, ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡು ಹೋದಳು.

ಅಪ್ಪ ಕುರ್ಚಿಗೆ ಕುಸಿದ.

"ಐದು ತಿಂಗಳು ಹೊಟ್ಟೇಲಿಟ್ಕೊಂಡಿದ್ದೆ," ಎಂದ. "ಅವಳಿಗೋಸ್ಕರ. ಗೊತ್ತಾದ್ರೆ ಮಗು ತಡ್ಕೊಳ್ಳಲ್ಲ ಅಂತ. ಅವಳಿಗೋಸ್ಕರ ಸುಮ್ನಿದ್ದೆ."

"ಸುಮ್ನಿದ್ದಿದ್ದು ಅವಳಿಗೋಸ್ಕರ," ಎಂದಳು ಅಜ್ಜಿ. "ಇವತ್ತು ಹೇಳಿದ್ದು ಯಾರಿಗೋಸ್ಕರ?"

ಅಪ್ಪ ಬಾಗಿಲ ಕಡೆ ನೋಡಿದ.

"ಎಷ್ಟು ಹೊತ್ತಾಯ್ತು ಹೋಗಿ?" ಎಂದಳು ಅಮ್ಮ.

ಅಮ್ಮ ಮೊದಲು ನಲ್ಲಿಯ ಹತ್ತಿರ ನೋಡಿದಳು. ಆಮೇಲೆ ಹೆಂಗಸರ ಕಕ್ಕಸಿನ ಬಾಗಿಲುಗಳನ್ನು ಒಂದೊಂದಾಗಿ ತಳ್ಳಿದಳು. ಆಮೇಲೆ ಓಡಿದಳು. ಗೇಟಿನ ಹತ್ತಿರ ವಾಚ್‌ಮನ್ ಸ್ಟೂಲಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ.

"ಒಬ್ಬಳು ಹುಡುಗಿ, ಸ್ಕೂಲ್ ಡ್ರೆಸ್ಸಲ್ಲಿ, ನೋಡಿದ್ರಾ?"

"ಹೋದ್ಲಲ್ಲಮ್ಮ. ಬಸ್ ಹತ್ತಿದ್ಲು."

"ಯಾವ ಬಸ್ಸು?"

"ಮೊದಲು ಬಂದಿದ್ದು. ಬೋರ್ಡು ಕೂಡ ನೋಡಲಿಲ್ಲ."

ಅಮ್ಮ ಆ ಸ್ಟಾಪಿನಲ್ಲಿ ನಿಂತಳು. ಅಪ್ಪ ಬಂದು ಕರೆದ, ಹೋಗಲಿಲ್ಲ. ಬೆಂಚಿನ ಮೇಲಿದ್ದ ಆ ಇನ್ನೊಂದು ಕುಟುಂಬ ತಮ್ಮ ಮಾತು ಮುಗಿಸಿಕೊಂಡು ಅವಳ ಮುಂದೆಯೇ ಹಾದು ಮನೆಗೆ ಹೋಯಿತು. ಎದುರಿನಿಂದ ಹನ್ನೊಂದು ಬಸ್ಸು ಬಂದವು. ಒಂದೊಂದರ ಬಾಗಿಲನ್ನೂ ಅವಳು ನೋಡಿದಳು. ಹುಡುಗಿ ಯಾವುದರಿಂದಲೂ ಇಳಿಯಲಿಲ್ಲ. ಅವತ್ತೂ ಇಳಿಯಲಿಲ್ಲ, ಆಮೇಲೂ ಇಳಿಯಲಿಲ್ಲ.